ಟೊಪಗಿಯ ರೇನ್‌ಕೋಟು

ಅಂಗಡಿಯಲ್ಲಿ ಯಾವ ಸಾಮಾನನ್ನೂ ನಾನು ಬೇಗ ಆರಿಸಿದವನಲ್ಲ. ಕಾಲು ಕೆಜಿ ಬದನೆಕಾಯಿಗೂ ಸಂದರ್ಶನ ನಡೆಸುವ ಮನುಷ್ಯ. ಅಂಥ ನಾನು, ಕಾಲೇಜಿನ ಆಫೀಸಿಗೆ ಸೈಕಲ್ ಮೇಲೆ ಹೋಗಿಬರಲು ರೇನ್‌ಕೋಟ್ ಬೇಕೆಂದು ಚಿಕ್ಕೋಡಿ ಪೇಟೆಗೆ ಇಳಿದ ದಿನ ಅಂಗಡಿಯವನ ಗ್ರಹಚಾರ ನೆಟ್ಟಗಿರಲಿಲ್ಲ. ಬಗ್ಗಿದರೆ ಬೆನ್ನು ಮುಚ್ಚುತ್ತದೆಯೇ, ಕೈ ಚಾಚಿದರೆ ತೋಳು ಗಿಡ್ಡವಾಗುತ್ತದೆಯೇ ಎಂದು ನೋಡಲು ಸ್ಟೂಲಿನ ಮೇಲೆ ಕೂತು, ಇಲ್ಲದ ಹ್ಯಾಂಡಲ್ ಹಿಡಿದು, ಇಲ್ಲದ ಪೆಡಲ್ ತುಳಿದೆ. "ಮಂದಿ ನೋಡಾಕತ್ತಾರ, ಸಾಕ ಇಳೀರಿ," ಎಂದಳು ಹೆಂಡತಿ. ಕಡೆಗೆ ಅಂಗಡಿಯವನೇ ಬೇಸತ್ತು, "ಸರ್, ಇದರ ಟೊಪಗಿ ನೋಡ್ರಿ. ದಾರ ಜಗ್ಗಿದ್ರ ಒಂದ ಹನಿ ಒಳಗ ಬರಂಗಿಲ್ಲ," ಎಂದ. ಹನಿ ಬರಲಿಲ್ಲ, ನಿಜ. ಬೆಳಕೂ ಬರಲಿಲ್ಲ. ತಲೆ ತಿರುಗಿಸಿದರೆ ತಲೆ ಮಾತ್ರ ತಿರುಗುತ್ತಿತ್ತು, ಟೊಪಗಿ ಮುಂದಕ್ಕೇ ನೋಡುತ್ತಿತ್ತು. ಮಳೆ ಬಿದ್ದರಂತೂ ಕಿವಿಯೊಳಗೆ ತಗಡಿನ ಮೇಲೆ ಬಿದ್ದಂಥ ಸಪ್ಪಳ. ಆದರೇನು, ನಾನೇ ಆರಿಸಿದ್ದಲ್ಲವೇ? ಬಹಳ ಚೆನ್ನಾಗಿದೆ ಎಂದು ಕಂಡಕಂಡವರಿಗೆಲ್ಲ ಹೇಳಿದೆ.

ನಮ್ಮ ಕಡೆ ದಾರಿಯಲ್ಲಿ ಯಾರಾದರೂ "ಬರ್ರಿ, ಚಾ ಕುಡಿಯೋಣು" ಎಂದು ಕರೆದರೆ ಕುಡಿಯಲೇಬೇಕೆಂದೇನೂ ಇಲ್ಲ. ಸೈಕಲ್ ಇಳಿದು, "ಈಗ ಆತ್ರಿ" ಎಂದರೆ ಸಾಕು. ಇಳಿಯದೆ ಹೋದವನು ಸೊಕ್ಕಿನವನು. ಒಂದು ಜಡಿಮಳೆಯ ದಿನ ಬಸ್ ಸ್ಟ್ಯಾಂಡ್ ಮುಂದೆ ಹೀಗೆ ನನ್ನನ್ನು ಎರಡು ಸಲ ಕೂಗಿ ಕರೆದವರು ಅಂಕಲಿಯ ಕಬ್ಬಿನ ಸಾಹುಕಾರರು. ಅಂದರೆ, ನಾಲ್ಕು ವರ್ಷ ಹುಡುಕಿ ಹುಡುಕಿ ನನ್ನ ಮಗನಿಗೆ ಸಿಕ್ಕಿದ್ದ ಒಂದೇ ಒಂದು ಹುಡುಗಿಯ ತಂದೆ. ನಾನು ಅವರ ಧೋತರಕ್ಕೆ ಕೆಸರು ಹಾರಿಸಿ ಹೋದೆನಂತೆ. ಸಂಜೆಗೆ ಫೋನು ಬಂತು: "ಈಗ ಇಷ್ಟ ಸೊಕ್ಕ ಇದ್ರ, ಲಗ್ನಾದ ಮ್ಯಾಲ ಹೆಂಗ್ರಿ? ವಿಚಾರ ಮಾಡ್ತೀವಿ." ಮಗ ಊಟ ಬಿಟ್ಟು ಎದ್ದ.

ಮರುದಿನ ರೇನ್‌ಕೋಟನ್ನೇ ಸಾಕ್ಷಿಗೆ ಹಿಡಿದುಕೊಂಡು, ಹೆಂಡತಿಯೊಂದಿಗೆ ಅಂಕಲಿಗೆ ಹೋದೆ. "ಇದನ್ನ ಹಾಕ್ಕೊಂಡ್ರ ಏನೂ ಕೇಳಂಗಿಲ್ರಿ," ಎಂದೆ. ಬೀಗರಾಗುವವರು ಘಾಟಿ ಮನುಷ್ಯ. "ಹೌದೇನ್ರಿ? ಹಾಕ್ಕೊಂಡ ಕುಂದರ್ರಿ, ನೋಡೇ ಬಿಡೋಣು," ಎಂದು ನನ್ನ ಬೆನ್ನ ಹಿಂದೆ ನಿಂತರು. "ಈ ಮನಷ್ಯಾ ಶುದ್ಧ ಜಿಪುಣ ಅದಾನಂತ!" ಮನೆಯೊಳಗೆ ಎಲ್ಲಿಯ ಮಳೆ? ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ತಿರುಗಿದೆನೋ, ಬರಬೇಕಾದ ಸೊಸೆ ಕೈತಪ್ಪಿದಳೆಂದೇ ಲೆಕ್ಕ. ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಆಗ ನನ್ನ ಹೆಂಡತಿ ಬಾಯಿ ತೆರೆದಳು. "ಜಿಪುಣ ಅಷ್ಟ ಅಲ್ರಿ ಅಣ್ಣಾರ. ನನ್ನ ತವರಮನಿಯವ್ರು ಬಂದ್ರ ಹೊಟ್ಟಿನೋವು ಅಂತ ಮಲಗತಾರ. ಒಂದ ಸೀರಿಗೆ ಹತ್ತ ಅಂಗಡಿ ತಿರುಗಸ್ತಾರ, ಕಡೀಕ ತರಂಗೇ ಇಲ್ಲ." ಹೀಗೆ ಕಾಲು ತಾಸು. ನಾನು ಆಷಾಢದ ಅಮಾವಾಸ್ಯೆಯ ಮೇಲೆ ಕಣ್ಣು ನೆಟ್ಟು ಹಲ್ಲು ಕಚ್ಚಿದೆ.

"ಖರೇನ ಕೇಳಂಗಿಲ್ಲ ಬಿಡ್ರಿ," ಎಂದು ಬೀಗರು ನಕ್ಕು ನನ್ನ ಟೊಪಗಿ ತೆಗೆದರು. ಲಗ್ನ ಗಟ್ಟಿಯಾಯಿತು.

ಬಸ್ಸಿನಲ್ಲಿ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡೆ. "ನಿಮಗ ಕೇಳಾಕತ್ತೈತಿ ಅಂತ ಗೊತ್ತಿತ್ತರಿ," ಎಂದಳು ಆಕೆ, ತಣ್ಣಗೆ. "ಅದಕ್ಕ ಹೇಳೀನಿ." ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಮಾತನ್ನು ನಾನು ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿದ್ದು ಅದೇ ಮೊದಲು, ಅದೂ ಕಿವುಡನ ವೇಷದಲ್ಲಿ.