ಒಂದು ಇಂಚು ಗಿಡ್ಡ ಪ್ರೊಪೆಲ್ಲರ್

ತಪ್ಪೆಲ್ಲ ಆ ಎರಡು ಗಾಲಿಗಳದು. ಅವು ಇನ್ನೊಂದು ಬೆರಳು ಎತ್ತರವಿದ್ದಿದ್ದರೆ ರಿಮೋಟ್ ವಿಮಾನದ ಪ್ರೊಪೆಲ್ಲರ್ ನೆಲಕ್ಕೆ ಬಡಿದು ಮುರಿಯುತ್ತಿರಲಿಲ್ಲ. ವಿಮಾನ ಕಟ್ಟಿದ ವಾಚ್ ರಿಪೇರಿಯವನ ಮರ್ಯಾದೆಯೂ ಉಳಿಯುತ್ತಿತ್ತು.

"ಹಾರದೇ ಇರೋ ವಿಮಾನಕ್ಕೆ ಒಂದು ರೂಮು, ನನ್ನ ತಮ್ಮನಿಗೆ ಸೋಫಾನಾ?" ಎಂದಳು ಹೆಂಡತಿ. ವಾರಕ್ಕೆಂದು ಬಂದು ಆರು ತಿಂಗಳಿಂದ ಸೋಫಾದಲ್ಲೇ ಬೇರುಬಿಟ್ಟಿದ್ದ ಭಾಮೈದ ಸೊಂಟ ಹಿಡಿದುಕೊಂಡು ನರಳಿದ. "ಪರವಾಗಿಲ್ಲ ಬಿಡಕ್ಕ..."

ವಾಚಿನವನಿಗೆ ಪಿತ್ತ ನೆತ್ತಿಗೇರಿತು. ಸ್ಕ್ರೂಡ್ರೈವರನ್ನು ಕತ್ತಿಯಂತೆ ಎತ್ತಿ, ಇಂಟರ್‌ವಲ್‌ಗೆ ಮುಂಚಿನ ಹೀರೋ ಥರ ಗುಡುಗಿದ: "ಈ ವಿಮಾನ ಹಾರೋವರೆಗೂ ಆ ರೂಮಿಂದ ಒಂದು ಸ್ಕ್ರೂ ಕೂಡ ಆಚೆ ಹೋಗಲ್ಲ! ನಾನು ಒಂದ್ಸಲ ಹೇಳಿದ್ರೆ ಬದಲಾಯ್ಸಲ್ಲ!"

ಬಯಲಿಗೆ ಬಂದು ಇನ್ನೊಂದು ಪ್ರೊಪೆಲ್ಲರ್ ಕೂರಿಸುತ್ತಿದ್ದಾಗ ಎದುರುಮನೆಯ ಫ್ಯಾನ್ ಮೆಕ್ಯಾನಿಕ್ ಕರೆಯದೇ ಹಾಜರಾದ.

"ಎರಡೇ ಬ್ಲೇಡಾ? ಸೀಲಿಂಗ್ ಫ್ಯಾನ್‌ಗೇ ಮೂರಿರತ್ತೆ ಗುರು. ಅದು ಎಲ್ಲಿಗೂ ಹೋಗೋದೂ ಇಲ್ಲ!"

"ಹಾಗಾದ್ರೆ ನಿನ್ನ ಫ್ಯಾನೇ ಹಾರಿಸ್ಕೊ ಹೋಗು!" ಎಂದು ಬೈದರೂ, ಡಬ್ಬಿಯಿಂದ ಮೂರು ಬ್ಲೇಡಿನದನ್ನು ತೆಗೆದು ಹಾಕಿದ. ಅದೂ ಮೊದಲಿನದಷ್ಟೇ ಉದ್ದ. ನೆಲ ಕೆರೆದು ಹಪ್ಪಳದಂತೆ ಚೂರಾಯಿತು.

ವಾಕಿಂಗ್ ಬಂದಿದ್ದ ನಿವೃತ್ತ ಲೆಕ್ಕದ ಮೇಷ್ಟ್ರು ಕೋಲು ಊರಿ ನಿಂತರು. "ಸಮಸಂಖ್ಯೆ ಇರಬೇಕು ಕಣಯ್ಯ. ನಾಲ್ಕು ಹಾಕು."

ನಾಲ್ಕು ಹಾಕಿದ. ವಿಮಾನ ಹೊರಡುವ ಮೊದಲೇ ಭಾರಕ್ಕೆ ಮೋಟರು ಗೊರಗೊರ ಎಂದು ಕಾದ ಹೆಂಚಿನಂತಾಯಿತು.

"ಹಾಗಾದ್ರೆ ಆರು," ಎಂದರು ಮೇಷ್ಟ್ರು, ಕಿಂಚಿತ್ತೂ ನಾಚದೆ.

"ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸೋ ಕೈ ಸಾರ್ ಇದು! ನನಗೇ ಎಣಿಸೋಕೆ ಹೇಳ್ಕೊಡ್ತೀರಾ?"

ಅಷ್ಟರಲ್ಲಿ ಏದುಸಿರು ಬಿಡುತ್ತ ಭಾಮೈದ ಬಂದ. ಕೈಯಲ್ಲಿ ಹೊಸ ಪೊಟ್ಟಣ. "ಭಾವ, ಅಂಗಡಿಯವನನ್ನ ಕೇಳ್ಕೊಂಡು ಬಂದೆ. ಮೂರೇ ಸರಿ, ಆದ್ರೆ ಒಂದು ಇಂಚು ಗಿಡ್ಡ ಇರಬೇಕಂತೆ. ನೆಲಕ್ಕೂ ತಾಗಲ್ಲ, ಮೋಟರಿಗೂ ಭಾರ ಆಗಲ್ಲ."

"ನೀರು ಕುಡಿಯೋಕೂ ಸೋಫಾ ಬಿಟ್ಟು ಏಳದವನು, ಅಂಗಡಿಗೆ ಓಡಿದ್ಯಾ?"

"ನಿಮ್ಮ ಮರ್ಯಾದೆ ಪ್ರಶ್ನೆ ಭಾವ!"

ವಾಚಿನವನ ಕಣ್ಣು ಒದ್ದೆಯಾಯಿತು. ಇಂಥ ಚಿನ್ನದಂಥ ಹುಡುಗನನ್ನು ಆರು ತಿಂಗಳಿಂದ ಬೈದುಕೊಂಡೆನಲ್ಲ!

ವಿಮಾನ ಓಡಿತು, ಮೂಗೆತ್ತಿತು, ಹಾರಿಯೇಬಿಟ್ಟಿತು! ಮೂರು ಸುತ್ತು ಹೊಡೆದು ಬೆಕ್ಕಿನಂತೆ ಸದ್ದಿಲ್ಲದೆ ಇಳಿಯಿತು.

"ಮೂರು ಅಂತ ಹೇಳಿದ್ದು ಯಾರು?" ಎಂದು ಫ್ಯಾನ್ ಮೆಕ್ಯಾನಿಕ್ ಎದೆ ತಟ್ಟಿಕೊಂಡ.

"ಮೂರು ಬ್ಲೇಡು, ಒಂದು ಮೋಟರು. ಒಟ್ಟು ನಾಲ್ಕೇ," ಎಂದರು ಮೇಷ್ಟ್ರು.

ಭಾಮೈದನನ್ನು ತಬ್ಬಿಕೊಳ್ಳೋಣವೆಂದು ತಿರುಗಿದರೆ ಅವನಿಲ್ಲ. ಮೊದಲನೇ ಸುತ್ತಿಗೇ ಮನೆಗೆ ಓಡಿದ್ದನಂತೆ.

ವಾಚಿನವನು ಗೆದ್ದ ರಾಜನಂತೆ ಮನೆ ಹೊಕ್ಕರೆ, ಕಾಲಿಗೆ ಬಡಿದದ್ದು ಅವನದೇ ಮೇಜು. ಸ್ಕ್ರೂ ಡಬ್ಬಿ, ಅಂಟಿನ ಬಾಟಲಿ, ಎಲ್ಲ ಹಜಾರದಲ್ಲಿ. ರೂಮಿನೊಳಗೆ ಹಾಸಿಗೆ. ಹಾಸಿಗೆಯ ಮೇಲೆ ಭಾಮೈದ.

"ಏನ್ರೋ ಇದು ಅನ್ಯಾಯ! ನನ್ನ ರೂಮು!"

"ಹಾರೋವರೆಗೂ ಅಂತ ನೀವೇ ತಾನೆ ಅಂದಿದ್ದು?" ಎಂದಳು ಹೆಂಡತಿ, ದಿಂಬಿಗೆ ಕವರ್ ಹಾಕುತ್ತ. "ಹಾರ್ತಲ್ಲ!"

ಭಾಮೈದ ಹೊದಿಕೆಯನ್ನು ಗಲ್ಲದವರೆಗೂ ಎಳೆದುಕೊಂಡ. "ನೀವು ಒಂದ್ಸಲ ಹೇಳಿದ್ರೆ ಬದಲಾಯ್ಸಲ್ಲ ಅಲ್ವಾ ಭಾವ? ಹೋಗ್ತಾ ಬಾಗಿಲು ಎಳ್ಕೊಳ್ಳಿ."