ವೆಸ್ಪಾ ಬಲಕ್ಕೆ ಎಳೆದದ್ದು

ಆಗಿನ ಪುತ್ತೂರು ತಾಲೂಕಿನಲ್ಲಿ ಕಟ್ಟಿಕೊಂಡ ಹೆಂಡತಿಯನ್ನು ತೆಂಗಿನಕಾಯಿಯಿಂದ ತೂಗಿದ ಗಂಡಸು ಯಾರಾದರೂ ಇದ್ದರೆ ಅದು ನಮ್ಮ ಇವರು ಮಾತ್ರ! ಗಂಡನ ಹೆಸರು ಹೇಳುವ ಕ್ರಮ ನಮ್ಮಲ್ಲಿಲ್ಲ. ಹೇಳುವ ಅಗತ್ಯವೂ ಇಲ್ಲ ಬಿಡಿ. ಕಾಣಿಯೂರಿನಿಂದ ಪುತ್ತೂರಿನವರೆಗೆ "ತೆಂಗಿನಕಾಯಿ ಮಾಸ್ಟ್ರು" ಎಂದರೆ ದಾರಿ ಬದಿಯ ದನಗಳಿಗೂ ಗೊತ್ತಿತ್ತು.

ಇವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಮದುವೆಯಾದ ಎರಡನೆಯ ವರ್ಷ, ಅಂದರೆ ಎಪ್ಪತ್ತರ ದಶಕದ ಸುರುವಿನಲ್ಲಿ, ಮಂಗಳೂರಿನಿಂದ ಒಂದು ಹಳೆಯ ಲ್ಯಾಂಬ್ರೆಟಾ ಸ್ಕೂಟರ್ ತಂದರು. ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನನ್ನನ್ನು ಹಿಂದೆ ಕೂರಿಸಿಕೊಂಡು ಪುತ್ತೂರಿಗೆ ಹೋಗುವುದೆಂದು ಮಾತಾಯಿತು. ದೇವಸ್ಥಾನವೂ ಆಯಿತು, ಮನೆ ಸಾಮಾನೂ ಆಯಿತು. ಅತ್ತೆ ಮನೆಯಲ್ಲಿದ್ದ ಸೊಸೆಗೆ ವಾರಕ್ಕೊಮ್ಮೆ ಗಾಳಿ ಸಿಗುವುದು ದೇವರ ದಯೆಯಲ್ಲದೆ ಮತ್ತೇನು?

ಮೊದಲ ಶನಿವಾರವೇ ಸ್ಕೂಟರ್ ಸವಣೂರಿನಲ್ಲಿ ನಿಂತಿತು. ಇವರು ಇಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದರ ಎಂಜಿನ್ ನಟ್ಟ ನಡುವೆ ಉಂಟು. ನೀನು ಎರಡು ಕಾಲನ್ನೂ ಎಡಕ್ಕೆ ಇಳಿಬಿಟ್ಟು ಕೂರ್ತಿ. ಆಗ ಎಂತ ಆಗ್ತದೆ ಹೇಳು?"

"ನನಗೆ ಸುಖ ಆಗ್ತದೆ."

"ಗಾಡಿ ಎಡಕ್ಕೆ ಎಳೀತದೆ ಮಾರಾಯ್ತಿ!"

ಸೀರೆ ಉಟ್ಟವಳು ಗಂಡಸರ ಹಾಗೆ ಕಾಲು ಹಾಕಿ ಕೂರುವ ಕಾಲವೇ ಅದು? ಮರುದಿನ ಅಂಗಳದಲ್ಲಿ ಪ್ರಯೋಗ ನಡೆಯಿತು. ನಾನು ಸ್ಕೂಟರಿನ ಮೇಲೆ ಕೂತೆ. ಇವರು ಬಲಬದಿಗೆ ಒಂದು ಗೋಣಿಚೀಲ ಕಟ್ಟಿ ಒಂದೊಂದೇ ತೆಂಗಿನಕಾಯಿ ಹಾಕುತ್ತ ಬಂದರು. ಆರನೆಯ ಕಾಯಿಗೆ ಸ್ಕೂಟರ್ ನೆಟ್ಟಗೆ ನಿಂತಿತು. ಬೇಲಿಯಾಚೆ ನೆರೆಯವರು ನಿಂತು ನೋಡಿದರು. ಬೇರೆ ಹೆಂಗಸರಿಗೆ ಹರಕೆ ಹೊತ್ತರೆ ಜನ್ಮಕ್ಕೊಮ್ಮೆ ತುಲಾಭಾರ. ನನಗೆ ಹರಕೆಯೂ ಇಲ್ಲದೆ ಪ್ರತಿ ಶನಿವಾರ! ಪುಣ್ಯ ಇದ್ದರೆ ಹೀಗಿರಬೇಕು.

ಆ ಆರು ಕಾಯಿಗಳು ವಾರವಾರ ನಮ್ಮೊಟ್ಟಿಗೆ ಪುತ್ತೂರಿಗೆ ಹೋಗಿ ಒಡೆಯದೆ ವಾಪಸು ಬರುತ್ತಿದ್ದವು. ಅಷ್ಟು ಪೇಟೆ ನಮ್ಮ ಅತ್ತೆಯೂ ಕಂಡಿರಲಿಲ್ಲ. ಒಂದು ಶನಿವಾರ ಅರ್ಧ ದಾರಿಯಲ್ಲಿ ಇವರಿಗೆ ಸಂಶಯ ಬಂತು. ನಿಲ್ಲಿಸಿ ಎಣಿಸಿದರು.

"ಆರನೆಯದು ಎಲ್ಲಿ?"

"ಬೆಳಿಗ್ಗೆ ನೀರುದೋಸೆಗೆ ಚಟ್ನಿ ತಿಂದಿರಲ್ಲ, ಅದೇ."

ಇವರು ಉಳಿದ ಐದನ್ನು ಇನ್ನೊಮ್ಮೆ ಎಣಿಸಿದರು. ಬೈಗುಳ ಈಗ ಬಂತು, ಆಗ ಬಂತು ಎಂದು ನಾನು ಕಾದೆ.

"ಹಾಗಾದ್ರೆ ತೊಂದರೆ ಇಲ್ಲ. ನನ್ನ ಹೊಟ್ಟೆಯಲ್ಲಿ ಉಂಟಲ್ಲ, ಅದು ಮಧ್ಯಕ್ಕೇ ಬಂತು!"

ಇಂಥವರಿಗೆ ವೈರಿಯೊಬ್ಬ ಬೇಡವೇ? ದೇವರು ಅದನ್ನೂ ಕೊಟ್ಟಿದ್ದ. ಮರ್ಕಂಜದಲ್ಲಿರುವ ನನ್ನ ತಂಗಿಯ ಗಂಡ. ಅವನದು ವೆಸ್ಪಾ. ಎರಡು ಸ್ಕೂಟರಿನ ಹುಟ್ಟೂರೂ ಇಟಲಿಯಂತೆ. ಇವರಿಬ್ಬರೂ ಮಂಗಳೂರಿನಿಂದ ಆಚೆ ಕಂಡವರಲ್ಲ. ಆದರೂ ಯಾವ ಮದುವೆಯ ಊಟದ ಪಂಕ್ತಿಯಲ್ಲಿ ಕೂರಿಸಿದರೂ ಇಟಲಿಯ ಮಾತು.

"ವೆಸ್ಪಾ ಅಂದ್ರೆ ಕಣಜದ ಹುಳ ಅಂತ ಅರ್ಥ. ಹುಳದ ಮೇಲೆ ಕೂತು ಹೋಗುದಾ ನೀನು?" ಎಂದು ಇವರು.

"ನಿಮ್ಮದಕ್ಕೆ ಎಂತ ಅರ್ಥ ಭಾವ?"

"ಅದು ಒಂದು ಹೊಳೆಯ ಹೆಸರಿನಿಂದ ಬಂದದ್ದು. ಹೊಳೆ ಅಂದ್ರೆ ತೀರ್ಥ!"

"ಹಾಗಾದ್ರೆ ನಿಮಗೆ ಪೆಟ್ರೋಲ್ ಬೇಡವಾ? ತೀರ್ಥ ಹಾಕಿದ್ರೆ ಹೋಗ್ತದಾ?"

ಇಡೀ ಪಂಕ್ತಿ ನಕ್ಕಿತು. ಇವರು ಪಾಯಸ ಬಿಟ್ಟು ಎದ್ದರು. ಪಾಯಸ ಬಿಟ್ಟು ಎದ್ದದ್ದೆಂದರೆ ಎಷ್ಟು ನೋವಾಗಿರಬೇಕು, ನೀವೇ ಹೇಳಿ! "ಈ ಜನ್ಮದಲ್ಲಿ ವೆಸ್ಪಾದ ಮೇಲೆ ಕೂರುದಿಲ್ಲ" ಎಂದು ಕೈ ತೊಳೆಯುವಲ್ಲಿ ಎಲ್ಲರಿಗೂ ಕೇಳುವ ಹಾಗೆ ಶಪಥ ಮಾಡಿದರು.

ಜನ್ಮ ಮುಗಿಯಲಿಲ್ಲ, ಶಪಥ ಮುಗಿಯಿತು. ಹನ್ನೆರಡು ವರ್ಷ ಓಡಿ ಲ್ಯಾಂಬ್ರೆಟಾಕ್ಕೆ ವಯಸ್ಸಾಗಿತ್ತು. ಒಂದು ದಿನ ರಾಮಕುಂಜದ ಹತ್ತಿರ ಯಾರೋ ಗಂಡಹೆಂಡಿರು ವೆಸ್ಪಾದಲ್ಲಿ ಹೋಗುವುದನ್ನು ಇವರು ಕಂಡರಂತೆ. ಹೆಂಡತಿ ಎಡಕ್ಕೆ ಕೂತಿದ್ದಾಳೆ, ಬಲಕ್ಕೆ ಚೀಲ ಇಲ್ಲ, ಗಾಡಿ ಗೆರೆ ಎಳೆದ ಹಾಗೆ ಹೋಗುತ್ತಿದೆ! ಮನೆಗೆ ಬಂದವರೇ ಕಾಗದ, ಪೆನ್ಸಿಲು ಹಿಡಿದು ಕೂತರು. ಊಟದ ಹೊತ್ತಿಗೆ ಜ್ಞಾನೋದಯವಾಗಿತ್ತು.

"ವೆಸ್ಪಾದ ಎಂಜಿನ್ ಬಲಬದಿಗೆ ಉಂಟು! ಹೆಂಡತಿ ಎಡಕ್ಕೆ, ಎಂಜಿನ್ ಬಲಕ್ಕೆ. ಗೊತ್ತಾಯ್ತಾ? ಲ್ಯಾಂಬ್ರೆಟಾ ಮಾಡಿದವ ಬ್ರಹ್ಮಚಾರಿ. ವೆಸ್ಪಾ ಮಾಡಿದವ ಸಂಸಾರಸ್ಥ!"

ಹೀಗೆ ಇವರು ಪಂಥ ಬದಲಿಸಿದರು. ಹಳೆಯದಕ್ಕೆ ಬೇಸರವಾಗಬಾರದೆಂದು ನನ್ನಿಂದ ಅದಕ್ಕೊಂದು ಆರತಿ ಮಾಡಿಸಿದರು. ವರ್ಷವಿಡೀ ದೇವರಕೋಣೆಯ ಹೊಸ್ತಿಲು ದಾಟದವರು ಅಂದು ಕೈಮುಗಿದು ನಿಂತದ್ದನ್ನು ಕಂಡು ನನಗೇ ಸಂತೋಷವಾಯಿತು. ದೇವರಿಗಲ್ಲದಿದ್ದರೆ ಸ್ಕೂಟರಿಗಾದರೂ ಮುಗಿದರಲ್ಲ! ಲ್ಯಾಂಬ್ರೆಟಾವನ್ನು ಕಡಬದ ಒಬ್ಬ ಮೀನು ವ್ಯಾಪಾರಿ ಕೊಂಡ. ಅವನು ಎರಡೂ ಬದಿಗೆ ಸಮನಾದ ಬುಟ್ಟಿ ಕಟ್ಟಿಕೊಂಡು ಹೊರಟಾಗ ಇವರು ನಿಟ್ಟುಸಿರು ಬಿಟ್ಟು, "ಪರವಾಗಿಲ್ಲ, ತಿಳುವಳಿಕೆ ಇದ್ದವನ ಕೈಗೆ ಬಿತ್ತು" ಎಂದರು.

ಸುದ್ದಿ ಮರ್ಕಂಜಕ್ಕೆ ತಲುಪಲು ಎರಡು ದಿನ ಸಾಕಾಯಿತು.

"ಎಂತ ಭಾವ, ಕಡೆಗೂ ಹುಳದ ಮೇಲೆ ಕೂತ್ರಾ?"

"ನಾನು ಕೂತದ್ದು ಲೆಕ್ಕ ಮಾಡಿ. ನೀನು ಸುಮ್ಮನೆ ಕೂತದ್ದು."

"ಆಗಲಿ. ನೇರ ಹೋಗದಿದ್ರೆ ಮಾತ್ರ ನನ್ನ ಹತ್ರ ಬರ್ಬೇಡಿ!"

ಆದ್ದರಿಂದ ವೆಸ್ಪಾ ನೇರ ಹೋಗುವುದು ಇವರ ಮಾನದ ಪ್ರಶ್ನೆಯಾಯಿತು. ಹೋಯಿತು ಕೂಡ. ನಾನು ಕೂತರೆ ಅದು ಕಣಜದಂತೆ ಗುಂಯ್ ಎನ್ನುತ್ತ ನೂಲು ಹಿಡಿದ ಹಾಗೆ ಹೋಗುತ್ತಿತ್ತು. ಒಬ್ಬರೇ ಶಾಲೆಗೆ ಹೋಗುವಾಗ ನನ್ನ ಬದಲಿಗೆ ಎಡಬದಿಗೆ ಆರು ಕಾಯಿ. "ಮಾಸ್ಟ್ರು ಅಮ್ಮನನ್ನು ಗೋಣಿಯಲ್ಲಿ ತುಂಬಿಸಿ ತಂದಿದ್ದಾರೆ" ಎಂದು ಮಕ್ಕಳು ನಗುತ್ತಿದ್ದರಂತೆ. ನಗಲಿ. ನನ್ನ ಗಂಡ ಎಲ್ಲಿ ಹೋದರೂ ನನ್ನನ್ನು ಬಿಟ್ಟು ಹೋಗುತ್ತಿರಲಿಲ್ಲ ಎಂದು ಎಷ್ಟು ಹೆಂಗಸರು ಹೇಳಿಕೊಳ್ಳಬಹುದು?

ಒಂದು ವರ್ಷ ಹೀಗೆ ಸುಖವಾಗಿತ್ತು. ಆಮೇಲೆ ವೆಸ್ಪಾ ಬಲಕ್ಕೆ ಎಳೆಯತೊಡಗಿತು.

ಮೊದಲು ಸ್ವಲ್ಪ. ಮತ್ತೆ ಇನ್ನೂ ಸ್ವಲ್ಪ. ಇವರು ಟಯರು ಬದಲಿಸಿದರು, ಹ್ಯಾಂಡಲ್ ಬಿಚ್ಚಿಸಿ ಜೋಡಿಸಿದರು, ರಸ್ತೆಯನ್ನು ಬೈದರು. "ಆ ಲ್ಯಾಂಬ್ರೆಟಾದ ಶಾಪವೇ ಇರಬೇಕು. ದೇವರಿಗೊಂದು ಕಾಯಿ ಇಡು ನೋಡುವ" ಎಂದು ಒಂದು ದಿನ ನನ್ನಲ್ಲಿ ಮೆಲ್ಲಗೆ ಹೇಳಿದರು. ವಿಜ್ಞಾನದ ಮಾಸ್ಟ್ರ ಬಾಯಲ್ಲಿ ಶಾಪ! ನಾನು ಹೆಚ್ಚು ಮಾತಾಡದೆ ಕಾಯಿ ಇಟ್ಟೆ. ಮರ್ಕಂಜದ ಕಡೆ ಹೋಗುವುದನ್ನೇ ಇವರು ಬಿಟ್ಟರು.

ನನಗೆ ಮಾತ್ರ ಆ ದಿನಗಳಲ್ಲಿ ದೇವರು ಸಣ್ಣಸಣ್ಣ ಉಪಕಾರ ಮಾಡುತ್ತಲೇ ಇದ್ದ. ಮೊದಲು ಸಾಬೂನು ಹಚ್ಚಿದರೂ ಬಾರದ ಬಳೆಗಳು ತಾವಾಗಿ ಜಾರಿ ಬರುತ್ತಿದ್ದವು. ಬಿಗಿಯಾಗಿದ್ದ ಹಳೆಯ ರವಕೆಗಳೆಲ್ಲ ಹಿಡಿಸತೊಡಗಿದವು. ಹಸಿವು ಕಡಿಮೆಯಾಗಿ ಏಕಾದಶಿಯ ಉಪವಾಸ ಸಲೀಸಾಯಿತು. ಸಂಜೆ ಮೈ ಸ್ವಲ್ಪ ಬೆಚ್ಚಗಾದರೆ, ಕೆಮ್ಮು ಬಂದರೆ, ಒಲೆಯ ಮುಂದೆ ಕೂರುವವಳಿಗೆ ಅದೆಲ್ಲ ಇದ್ದದ್ದೇ ಅಲ್ಲವೇ?

ಶಿವರಾತ್ರಿ ಕಳೆದ ಶನಿವಾರ ಪುತ್ತೂರಿನ ಮೆಕ್ಯಾನಿಕ್ಕನ ಅಂಗಡಿಗೆ ಮೂರನೆಯ ಸಲ ಹೋದೆವು.

"ಮಾಸ್ಟ್ರೇ, ಗಾಡಿಯಲ್ಲಿ ಎಂತದೂ ಇಲ್ಲ" ಎಂದ ಅವನು.

"ಇಲ್ಲದೆ ಎಳೀತದಾ?"

"ಆರು ಕಾಯಿ ಕಟ್ಟಿಕೊಂಡು ನೀವೊಬ್ರೇ ಹೋಗುವಾಗ ಎಳೀತದಾ?"

"ಇಲ್ಲ. ನೇರ ಹೋಗ್ತದೆ."

"ಅಕ್ಕ ಕೂತ್ರೆ?"

"ಬಲಕ್ಕೆ."

ಅವನು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ. ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ.

"ಹಾಗಾದ್ರೆ ಗಾಡಿ ಸರಿ ಉಂಟು, ಕಾಯಿಯೂ ಸರಿ ಉಂಟು. ಅಕ್ಕನನ್ನು ಒಮ್ಮೆ ತೂಗಿ ನೋಡಿ ಮಾಸ್ಟ್ರೇ."

ಪಕ್ಕದಲ್ಲಿ ಅಡಿಕೆ ಗೋಣಿ ತೂಗುವ ಅಂಗಡಿಯಿತ್ತು. ಗೋಣಿ ಇಡುವಲ್ಲಿ ನಾನು ನಿಂತೆ. ನಾಚಿಕೆಯಿಂದ ನಗು ತಡೆಯಲಾಗಲಿಲ್ಲ. ನನ್ನ ತೂಕ ಇವರಿಗೆ ಬಾಯಿಪಾಠ. ಇವರು ಮುಳ್ಳನ್ನೇ ನೋಡುತ್ತಿದ್ದರು.

"ಇನ್ನೊಮ್ಮೆ ತೂಗಿ" ಎಂದರು. ಅಂಗಡಿಯವರು ತೂಗಿದರು. ಹನ್ನೊಂದು ಕಿಲೋ ಕಡಿಮೆ.

"ಕೆಮ್ಮು ಯಾವಾಗಿಂದ?"

"ದೀಪಾವಳಿಯಿಂದ ಇರಬೇಕು."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನೀವು ಸ್ಕೂಟರಿನ ತಲೆಬಿಸಿಯಲ್ಲಿದ್ರಿ."

ಹೇಳಬಾರದಿತ್ತು. ಇವರ ಮುಖ ಕಂಡು ನನಗೇ ಹಾಗನಿಸಿತು. ನೇರವಾಗಿ ಡಾಕ್ಟ್ರಲ್ಲಿಗೆ ಹೋದೆವು. ಎಕ್ಸ್‌ರೇ, ಕಫದ ಪರೀಕ್ಷೆ ಎಲ್ಲ ಆಗಿ ಕೆಲವು ದಿನಗಳಲ್ಲಿ ಗೊತ್ತಾಯಿತು, ಕ್ಷಯ. "ಹೆದರಬೇಡಿ, ಮದ್ದಿಗೆ ಗುಣ ಆಗ್ತದೆ. ಒಂದು ಮಳೆಗಾಲ ದಾಟಿಸಿ ಬಂದಿದ್ರೆ ಕಷ್ಟ ಇತ್ತು. ಯಾರು ಕಂಡುಹಿಡಿದದ್ದು?" ಎಂದು ಡಾಕ್ಟ್ರು ಕೇಳಿದರು. ಇವರು ಮದ್ದಿನ ಚೀಟಿಗೆ ಕೈ ಚಾಚಿದರು.

ಆ ಸಂಜೆ ಮನೆಗೆ ಬರುವಾಗ ವೆಸ್ಪಾ ಬಲಕ್ಕೆ ಎಳೆಯಲಿಲ್ಲ. ಯಾಕೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸದಾ ಕಂಬದ ಹಾಗೆ ನೆಟ್ಟಗೆ ಕೂರುವ ಇವರು ತಾವೇ ಎಡಕ್ಕೆ, ನನ್ನ ಕಡೆಗೆ ವಾಲಿ ಕೂತಿದ್ದರು. ಇವರ ಬೆನ್ನು ನನ್ನ ಹೆಗಲಿಗೆ ಆನಿಕೊಂಡಿತ್ತು. ಮದ್ದು ತಿಂದ ಅಷ್ಟೂ ತಿಂಗಳು ಹಾಗೆಯೇ ಸ್ಕೂಟರ್ ಬಿಟ್ಟರು. ಸೊಂಟ ನೋವೆಂದು ಬೆಳಿಗ್ಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಕಾರಣ ಕೇಳಿದರೆ ಪುತ್ತೂರಿನ ರಸ್ತೆಯ ಮೇಲೆ ಹಾಕುತ್ತಿದ್ದರು.

ದೇವರ ದಯೆ, ಗುಣವಾಯಿತು. ಹೋದ ಹನ್ನೊಂದು ಕಿಲೋ ಮೆಲ್ಲಮೆಲ್ಲನೆ ಮರಳಿ ಬಂತು. ಒಂದು ಶನಿವಾರ ಸವಣೂರು ದಾಟುವಾಗ ನೋಡುತ್ತೇನೆ, ಇವರು ಇನ್ನೂ ನನ್ನ ಕಡೆಗೇ ವಾಲಿ ಕೂತಿದ್ದಾರೆ.

"ಇನ್ನು ನೆಟ್ಟಗೆ ಕೂರಬಹುದಲ್ಲ, ನಾನು ಸರಿಯಾದೆನಲ್ಲ" ಎಂದೆ.

"ಗೊತ್ತುಂಟು" ಎಂದರು.

ನೆಟ್ಟಗೆ ಕೂರಲಿಲ್ಲ. ಸ್ಕೂಟರ್ ಆಗ ಚೆನ್ನಾಗಿಯೇ ಎಡಕ್ಕೆ ಎಳೆಯುತ್ತಿತ್ತು. ಇವರು ಪುತ್ತೂರಿನವರೆಗೂ ಹಾಗೆಯೇ ಗಾಡಿ ಬಿಟ್ಟರು.