ನನ್ನ ಮೀಸೆ ತೆಗೆಸಿದ ಟ್ರಿನಿಡಾಡು

ಗಂಡಸಿನ ಮೀಸೆ ಅವನ ಸ್ವಂತ ಆಸ್ತಿ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಅದು ಅವನ ತಾಯಿಯ ಹೆಸರಿಗೆ ಇರುವ ಆಸ್ತಿ ಎಂಬ ಜ್ಞಾನೋದಯ ನನಗಾದದ್ದು ಟ್ರಿನಿಡಾಡಿನ ದೆಸೆಯಿಂದ. (ಟ್ರಿನಿಡಾಡು ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಹಾವೇರಿಯಿಂದ ಮುಂಬೈಗೆ ಹೋಗಿ, ಅಲ್ಲಿ ಹಡಗು ಹತ್ತಿ, ಇನ್ನು ಭೂಮಿಯೇ ಮುಗಿಯಿತು ಅನ್ನುವ ಹೊತ್ತಿಗೆ ಸಿಗುವ ನಡುಗಡ್ಡೆಯಂತೆ ಅದು.)

ನಾನು ಬ್ಯಾಡಗಿಯಲ್ಲಿ ಮಾಲತೇಶಪ್ಪನವರ ಮೆಣಸಿನಕಾಯಿ ಅಡತಿ ಅಂಗಡಿಯ ದಿವಾನಜಿ. ಪದವಿ ಕೇಳಲಿಕ್ಕೆ ಭಾರಿಯಾಗಿದೆ. ಕೆಲಸ ಮಾತ್ರ ದಿನವಿಡೀ ಲೆಕ್ಕ ಬರೆಯುವುದು, ನಡುನಡುವೆ ಸೀನುವುದು. ಬೆಳಿಗ್ಗೆ ಹಾವೇರಿಯಿಂದ ರೈಲಿನಲ್ಲಿ ಹೋಗಿ ಸಂಜೆ ಮನೆಗೆ ಬರುತ್ತೇನೆ. ಒಂದು ದಿನ ಮಾಲತೇಶಪ್ಪನವರು ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

"ದಿವಾನಜಿಯವರ, ಆ ಟ್ರಿನಿಡಾಡಿನಾಗ ನಮ್ಮ ಹಿಂದೂಸ್ತಾನದ ಮಂದಿ ಭಾಳ ಅದಾರಂತ. ಪಾಪ, ಎಂಥಾ ಖಾರ ತಿಂತಾರೋ ಏನೋ! ನೀವು ಇಂಗ್ಲೀಷು ಬಲ್ಲವರು. ನಮ್ಮ ಕಾಯಿ ಮಾದರಿ ತಗೊಂಡು ಹೋಗಿ ಬರ್ರಿ. ಖರ್ಚೆಲ್ಲಾ ನಂದು. ಆದ್ರ ಹೋಳಿ ಹುಣ್ಣಿವಿಯೊಳಗ ನಿಮ್ಮ ಕಾಗದಪತ್ರ ಮುಂಬೈಗೆ ಮುಟ್ಟಬೇಕು. ಇಲ್ಲಂದ್ರ ಹಡಗು ತಪ್ಪತೈತಿ."

ಧಾರವಾಡದ ಆಚೆ ಜಗತ್ತು ಕಾಣದ ನಾನು ಆ ದಿನ ರೈಲಿನಲ್ಲಿ ಮನೆಗೆ ಬಂದೆನೋ ಹಾರಿಕೊಂಡು ಬಂದೆನೋ ನೆನಪಿಲ್ಲ. ಕಾಗದಪತ್ರದ ಪಟ್ಟಿ ನೋಡಿದಾಗ ಮಾತ್ರ ಕೆಳಗಿಳಿದೆ. ಪಾಸ್‌ಪೋರ್ಟು ಬೇಕು. ಅದಕ್ಕೆ ಬರಿದಲೆಯ, ಮುಖ ಸ್ವಚ್ಛವಾಗಿ ಕಾಣುವ ಫೋಟೋ ಬೇಕು. ಆ ಫೋಟೋದ ಬೆನ್ನಿಗೆ 'ಇವನು ಇವನೇ ಹೌದು' ಎಂದು ಒಬ್ಬ ಮ್ಯಾಜಿಸ್ಟ್ರೇಟರು ಸಹಿ ಹಾಕಬೇಕು. ಮೇಲೆ ಸಿಡುಬು ಬರದಂತೆ ಚುಚ್ಚಿಸಿಕೊಂಡ ಸರ್ಟಿಫಿಕೇಟು ಬೇರೆ. ಯಮಲೋಕಕ್ಕೆ ಹೋಗುವವನಿಗೂ ಇಷ್ಟೊಂದು ಕೇಳುವುದಿಲ್ಲ.

"ಅತ್ತಿಯವ್ರಿಗೆ ಹೇಳೀರೇನು?" ಎಂದಳು ನನ್ನ ಹೆಂಡತಿ ಸರಸ್ವತಿ.

"ಹಡಗ ಹತ್ತಿದ ಮ್ಯಾಲೆ ತಿಳಿಸಿದ್ರಾತು."

"ಯಾರು ತಿಳಸೋದು? ನೀವು ಹಡಗಿನಾಗ ಇರ್ತೀರಿ, ನಾ ಅಡಿಗಿ ಮನ್ಯಾಗ ಇರ್ತೀನಿ. ಬೈಸಿಕೊಳ್ಳೋರು ಯಾರು?"

ಮಾತು ಖರೆ. ತುಂಗಭದ್ರೆಯನ್ನು ದೋಣಿಯಲ್ಲಿ ದಾಟುವಾಗಲೇ ಇದ್ದಬದ್ದ ದೇವರಿಗೆಲ್ಲ ಹರಕೆ ಹೊರುವ ನಮ್ಮವ್ವ, ಮಗ ಸಮುದ್ರ ದಾಟುತ್ತಾನೆಂದರೆ ಬಿಟ್ಟಾಳೆಯೆ? ಆದರೆ ನನ್ನ ಪುಣ್ಯಕ್ಕೆ ಅವ್ವ ಆಗ ಗುತ್ತಲದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಳು. ಅವಳು ಬರುವುದರೊಳಗೆ ಎಲ್ಲ ಮುಗಿಸಿಬಿಡಬೇಕೆಂದು ತಲೆಗೆ ಸುತ್ತಿದ ರುಮಾಲು ತೆಗೆದು ಕೈಯಲ್ಲಿ ಹಿಡಿದು ಫೋಟೋ ತೆಗೆಯುವ ಗಿರಿಯಪ್ಪನ ಮುಂದೆ ಕೂತೆ.

ಗಿರಿಯಪ್ಪ ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, "ಮುಖ ಸ್ವಚ್ಛ ಕಾಣಬೇಕಂದೀರಿ. ಈ ಮೀಸಿ ಅಡ್ಡ ಬರತೈತಿ ನೋಡ್ರಿ. ಒಳಗ ತುಟಿ ಐತೋ ಇಲ್ಲೋ ಅಂತ ಸಾಹೇಬರು ಸಂಶೆ ಪಡ್ತಾರ," ಎಂದ.

ಟ್ರಿನಿಡಾಡಿನ ಮುಂದೆ ಮೀಸೆ ಯಾವ ಲೆಕ್ಕ? ತೆಗೆಸಿಬಿಟ್ಟೆ. ಗಿರಿಯಪ್ಪ ಅಲುಗಾಡಬೇಡಿ ಎಂದು ಉಸಿರು ಹಿಡಿಸಿದ್ದರಿಂದ ಫೋಟೋದಲ್ಲಿ ನನ್ನ ಕಣ್ಣು ತುಸು ಹೊರಗೆ ಬಂದು, ಈಗಲೋ ಆಗಲೋ ಅಳುವವನಂತೆ ಕಂಡೆ.

ಮನೆಗೆ ಬಂದಾಗ ಸರಸ್ವತಿ ಕೈಯಲ್ಲಿನ ತಂಬಿಗೆ ಬಿಟ್ಟಳು. "ಅಯ್ಯಯ್ಯ! ಅತ್ತಿಯವ್ರು ಗಟ್ಟಿಮುಟ್ಟಿ ಇರೋವಾಗ ಏನಿದು ಅಪಶಕುನ!"

ನಮ್ಮವರಲ್ಲಿ ಗಂಡಸು ಬರಿದಲೆಯಲ್ಲಿ ನಾಲ್ಕು ಜನರ ಎದುರು ಬರುವುದು, ಮೀಸೆ ತೆಗೆಸುವುದು ಹೆತ್ತವರು ತೀರಿಕೊಂಡಾಗ ಮಾತ್ರ. ಅಪ್ಪ ನನ್ನ ಮುಂಜಿವೆಗೆ ಮೊದಲೇ ಹೋಗಿದ್ದ. ಉಳಿದವಳು ಅವ್ವ ಒಬ್ಬಳೇ. "ಮುಂಬೈ ಸಾಹೇಬರಿಗೆ ಇದೆಲ್ಲ ಎಲ್ಲಿ ತಿಳೀತದ?" ಎಂದು ಸರಸ್ವತಿಯ ಬಾಯಿ ಮುಚ್ಚಿಸಿದೆ. ಮುಂಬೈಗಿಂತ ಮೊದಲು ಫೋಟೋ ರಾಣೇಬೆನ್ನೂರಿಗೆ ಹೋಗಬೇಕು ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ.

ರಾಣೇಬೆನ್ನೂರಿನಲ್ಲಿರುವವರು ನನ್ನ ಮಾವನವರಾದ ಕೃಷ್ಣಾಜಿರಾಯರು, ಆನರರಿ ಮ್ಯಾಜಿಸ್ಟ್ರೇಟರು. ಚೀಟಿ ಬರೆದರೆ ಎಂದಾದರೂ ಅವ್ವನ ಕಿವಿಗೆ ಬಿದ್ದೀತೆಂಬ ದೂರದೃಷ್ಟಿಯಿಂದ, ಫೋಟೋ ಒಂದನ್ನೇ ಲಕೋಟೆಯಲ್ಲಿಟ್ಟು ಆ ಊರಿಗೆ ಮೋಟಾರು ಓಡಿಸುವ ಮಲ್ಲಿಕಸಾಬನ ಕೈಗೆ ಕೊಟ್ಟೆ. "ಭಾಳ ಅರ್ಜಂಟ್ ಅದ, ಹಿಂದ ಸಹಿ ಹಾಕಿ ಕಳಸ್ರಿ ಅಂತ ಬಾಯಿಲೇ ಹೇಳು," ಎಂದೆ. ಅದೇ ದಿನ ಹೋಗಿ ತೋಳಿಗೆ ಚುಚ್ಚಿಸಿಕೊಂಡೂ ಬಂದೆ. ಮರುದಿನ ತೋಳು ಬಾತು, ಜ್ವರ ಏರಿ, ಕಂಬಳಿ ಹೊದ್ದು ಒಳಮನೆಯಲ್ಲಿ ಮಲಗಿದೆ.

ಮಲ್ಲಿಕಸಾಬ ಪ್ರಾಮಾಣಿಕ. ಹೇಳಿದ್ದರಲ್ಲಿ ಅರ್ಧ ತಪ್ಪದೆ ಹೇಳಿದ್ದ. "ಹಾವೇರಿಯಿಂದ ಬಂದೈತ್ರಿ, ಭಾಳ ಅರ್ಜಂಟ್ ಐತಂತ!" ಅಂದವನೇ ಮೋಟಾರು ಬಿಟ್ಟುಕೊಂಡು ಹೋಗಿದ್ದ. ನನ್ನ ಅತ್ತೆ ವೆಂಕೂಬಾಯಿಯವರು ಲಕೋಟೆ ಒಡೆದು ನೋಡಿದರೆ ಅಳಿಯನ ಬರಿದಲೆ, ಬರಿದುಟಿ, ಅಳುಮೋರೆ. "ಪಾಪ, ಬಾಯಿಲೆ ಹೇಳ್ಲಿಕ್ಕೆ ಆಗದೆ ಫೋಟೋ ಕಳಿಸ್ಯಾರ!" ಎಂದು ಎದೆ ಬಡಿದುಕೊಂಡರಂತೆ.

ಅಂತೂ ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲಿ ಗೋಳೋ ಎಂಬ ಶಬ್ದವಾಯಿತು. ಅತ್ತೆಯವರು ಮಗಳ ಕೊರಳಿಗೆ ಬಿದ್ದು, "ಹೋದ್ರಲ್ಲೇ ಸರಸೂ, ಹೋದ್ರಲ್ಲೇ!" ಎಂದರು. ಮೊದಲು ಅಳುವುದು, ಆಮೇಲೆ ಕೇಳುವುದು ನಮ್ಮ ಕಡೆಯ ಪದ್ಧತಿ. ತವರಿನ ಮುದುಕಿ ಅಜ್ಜಿ ಹೋದಳೆಂದು ತಿಳಿದು ಸರಸ್ವತಿಯೂ ಧ್ವನಿ ತೆಗೆದಳು. ಅಕ್ಕಪಕ್ಕದ ಹೆಂಗಸರು ಓಡಿ ಬಂದು ಯಾರು ಏನೆಂದು ಕೇಳದೆ ಕೂಡಿಕೊಂಡರು.

ನಾನು ಕಂಬಳಿ ಹೊದ್ದು ಹೊರಗೆ ಬಂದೆ. ನನ್ನ ತುಟಿ ನೋಡಿದ್ದೇ ತಡ, ಅಳು ಇಮ್ಮಡಿಯಾಯಿತು. ಮಾವನವರು ಗಬಕ್ಕನೆ ಬಂದು ನನ್ನನ್ನು ಅಪ್ಪಿಕೊಂಡರು. ಅವರ ಕೈ ಸರಿಯಾಗಿ ಚುಚ್ಚಿಸಿಕೊಂಡ ತೋಳಿನ ಮೇಲೆ ಬಿತ್ತು.

"ಯವ್ವಾ!" ಎಂದು ಕಿರಿಚಿದೆ.

"ನೋಡ್ರೆವ್ವಾ, ತಾಯಿ ಮ್ಯಾಲೆ ಎಷ್ಟು ಜೀವ!" ಎಂದಿತು ಹೆಂಗಸರ ಗುಂಪು.

"ಮಾವನವ್ರ, ಸಹಿ ಹಾಕಿದ್ರೇನು?" ಎಂದು ನರಳಿದೆ.

"ದುಃಖದಾಗ ತಲಿ ತಿರುಗೇದ," ಎಂದು ಮಾವನವರು ಮತ್ತೊಮ್ಮೆ ಅಪ್ಪಿದರು, ಅದೇ ತೋಳಿನ ಮೇಲೆ.

ಇನ್ನೊಂದು ವಿಷಯ ನಿಮಗೆ ಹೇಳಬೇಕು. ನನ್ನ ಮದುವೆಯಲ್ಲಿ ಅವ್ವ, ಹೋಳಿಗೆಗೆ ತುಪ್ಪ ಕಡಿಮೆಯಾಯಿತೆಂದು ತುಂಬಿದ ಪಂಕ್ತಿಯಲ್ಲಿ ಅಂದುಬಿಟ್ಟಿದ್ದಳು. ಅಂದಿನಿಂದ ಬೀಗಿತ್ತಿಯರಿಬ್ಬರೂ ಏಳು ವರ್ಷ ಮಾತು ಬಿಟ್ಟಿದ್ದರು. ಈಗ ವೆಂಕೂಬಾಯಿಯವರು ಅದೆಲ್ಲವನ್ನೂ ಬಡ್ಡಿ ಸಮೇತ ತೀರಿಸತೊಡಗಿದರು.

"ಎಂಥಾ ಹೆಣಮಗಳು! ಆಕಿ ಕೈಯಾನ ಸಾರಿನ ರುಚಿ ಇನ್ನ ಯಾರಿಗೆ ಬಂದೀತು? ಸೊಸೀನ್ನ ಮಗಳಂಗ ನೋಡಿಕೊಂಡ್ರು! ಆವತ್ತು ತುಪ್ಪ ಕಡಿಮಿ ಅಂದ್ರು. ಖರೇನ ಕಡಿಮಿ ಇತ್ತ! ನಾನ ಡಬ್ಬಿ ಮುಚ್ಚಿ ಒಳಗ ಇಟ್ಟಿದ್ದೆ! ನಾ ಒಮ್ಮೆರೆ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟರಾಗ ಹೋಗಿಬಿಟ್ರಲ್ಲ!"

"ಎಷ್ಟು ಡಬ್ಬಿ ಇಟ್ಟಿದ್ದಿರಿ?" ಎಂದು ಹೊಸ್ತಿಲ ಕಡೆಯಿಂದ ಒಂದು ಧ್ವನಿ ಕೇಳಿತು.

"ಎರಡು," ಎಂದು ಬಿಕ್ಕುತ್ತ ಅತ್ತೆಯವರು ಮೂಗು ಒರೆಸಿಕೊಂಡು ತಲೆಯೆತ್ತಿದರು.

ಹೊಸ್ತಿಲಲ್ಲಿ ಗಂಟು ಮಗ್ಗುಲಿಗಿಟ್ಟುಕೊಂಡು ಅವ್ವ ಕೂತಿದ್ದಳು. ಗುತ್ತಲದ ಮೋಟಾರಿನಿಂದ ಇಳಿದು ಯಾವಾಗಲೋ ಬಂದಿದ್ದಾಳೆ. ಮುಖದಲ್ಲಿ ಪುರಾಣ ಕೇಳಿದವರ ತೃಪ್ತಿ.

ಅಲ್ಲಿ ನಡೆದ ಗದ್ದಲ ಏನು ಹೇಳಲಿ! ಒಬ್ಬಾಕೆ ಹಿತ್ತಲ ಬಾಗಿಲಿನಿಂದ ಓಡಿದಳು. ಮ್ಯಾಜಿಸ್ಟ್ರೇಟರು ನನ್ನ ಕಂಬಳಿಯೊಳಗೆ ಹೊಕ್ಕರು.

"ಅಂಜಬ್ಯಾಡ್ರಿ, ನಾನ ಇದ್ದೀನಿ," ಎಂದಳು ಅವ್ವ. "ಭಾಳ ಹೊತ್ತಾತು ಬಂದು. ಜೀವ ಇರೋತನಕ ಯಾರೂ ನನ್ನ ಹಿಂಗ ಹೊಗಳಿರಲಿಲ್ಲ. ನಡುವ ಬಾಯಿ ಹಾಕಬಾರದು ಅಂತ ಸುಮ್ಮನ ಕೂತೆ."

ಆಮೇಲೆ ಅವಳ ಕಣ್ಣು ನನ್ನ ತುಟಿಯ ಮೇಲೆ ಬಿತ್ತು. ನಾನು ಬಾಯಿ ತೆರೆಯುವುದರೊಳಗೆ ಸರಸ್ವತಿ ಫೋಟೋ, ಹಡಗು, ಟ್ರಿನಿಡಾಡು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟಳು. (ಬೈಸಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.)

"ಸಮುದ್ರ ದಾಟೋದು ಹಾಳಾಗಲಿ," ಎಂದಳು ಅವ್ವ. "ನಾ ಜೀವಂತ ಇರೋವಾಗ ಮೀಸಿ ತೆಗಸೀಯಲ್ಲೋ ಸೀನ್ಯಾ! ಊರೂರು ಸಾಹೇಬರು ನಿನ್ನ ನೋಡಿ ಪಾಪ, ತಾಯಿಲ್ಲದ ಮಗ ಅನಬೇಕೇನು? ಮೊದಲ ಮೀಸಿ ಬೆಳಸು!"

"ಬೆಳಸಿದ್ರ ಫೋಟೋಕ್ಕ ಮುಖ ಹೊಂದಂಗಿಲ್ಲವ್ವಾ."

"ಬ್ಯಾರೆ ತಗಸು. ಮೀಸಿ ಇಟ್ಟು, ರುಮಾಲ ಸುತ್ತಿ."

"ಪಾಸ್‌ಪೋರ್ಟಿಗೆ ರುಮಾಲು ನಡೆಯಂಗಿಲ್ಲ."

"ಹಂಗಾದ್ರ ನೀನೂ ನಡೀಬ್ಯಾಡ, ಮನ್ಯಾಗ ಕೂಡು."

ಆಸೆಯಿಂದ ಮಾವನವರ ಮುಖ ನೋಡಿದೆ. ಅವರು ಕಂಬಳಿಯಿಂದ ಹೊರಬಂದು, "ನೀವು ಮೀಸಿ ಬೆಳಸಿದ ಮ್ಯಾಲೆ ಇದು ನಿಮ್ಮ ಮುಖ ಅಂತ ನಾ ಹೆಂಗ ಬರೀಲಿ ಅಳಿಯಂದ್ರ? ಸುಳ್ಳು ಸಾಕ್ಷಿ ಆಗ್ತದ," ಎಂದು ತೀರ್ಪು ಕೊಟ್ಟರು.

ಆ ದಿನ ಮನೆಯಲ್ಲಿ ಹೋಳಿಗೆಯಾಯಿತು. ವೆಂಕೂಬಾಯಿಯವರು ತಾವೇ ನಿಂತು ಅವ್ವನ ಎಲೆಗೆ ತುಪ್ಪ ಸುರಿದರು. ಅವ್ವ ಸಾಕು ಎನ್ನಲಿಲ್ಲ, ಅವರೂ ನಿಲ್ಲಿಸಲಿಲ್ಲ. ಸಾಯಂಕಾಲದ ತನಕ ಇಬ್ಬರೂ ಒಬ್ಬರನ್ನೊಬ್ಬರು ಹೊಗಳುತ್ತ, ನಡುವೆ ನನ್ನನ್ನು ಬೈಯುತ್ತ ಕೂತರು. ನನಗೂ ನಗು ಬಂತು ಅನ್ನಿ. ತೋಳು ನೋಯುತ್ತಿದ್ದುದರಿಂದ ಹೆಚ್ಚು ನಗಲಿಲ್ಲ.

ಹೋಳಿ ಹುಣ್ಣಿವೆಗೆ ನನ್ನ ಮೀಸೆ ಅರ್ಧ ಬಂದಿತ್ತು. ಮಾಲತೇಶಪ್ಪನವರ ಮೆಣಸಿನಕಾಯಿ ಒಂಟಿಯಾಗಿ ಹಡಗು ಹತ್ತಿತು. ಅದಕ್ಕೆ ಫೋಟೋ ಬೇಡ, ತಾಯಿಯೂ ಇಲ್ಲ.

ಫೋಟೋ ಎಲ್ಲಿ ಎಂದಿರಾ? ಅವ್ವನ ಟ್ರಂಕಿನಲ್ಲಿದೆ. ಅವತ್ತು ಮಾವನವರು ಹೊರಟು ನಿಂತಾಗ ಅವಳೇ, "ಇಷ್ಟು ದೂರ ಬಂದೀರಿ, ಸಹಿ ಹಾಕೇ ಹೋಗ್ರಿ," ಎಂದು ಹಟ ಹಿಡಿದಿದ್ದಳು. ಅವರು ಕಿಸೆಯಲ್ಲಿ ತಂದಿದ್ದ ಫೋಟೋದ ಬೆನ್ನಿಗೆ ಬರೆದು ಸಹಿ ಹಾಕಿದರು: 'ಈ ಚಿತ್ರದಲ್ಲಿರುವವರು ನನ್ನ ಅಳಿಯಂದಿರು. ಇವರ ತಾಯಿ ಬದುಕಿದ್ದಾರೆಂದು ನಾನು ಕಣ್ಣಾರೆ ಕಂಡು ದೃಢಪಡಿಸುತ್ತೇನೆ.'

"ಅದನ್ಯಾಕ ಜೋಪಾನ ಇಟ್ಟೀಯವ್ವಾ, ಹರದು ಒಗಿ," ಎಂದೆ ನಾನು ಮೊನ್ನೆ.

"ಇರಲಿ ಬಿಡೋ," ಎಂದಳು ಅವ್ವ. "ಯಮ ಬಂದ್ರ ತೋರಸ್ಲಿಕ್ಕೆ ಮ್ಯಾಜಿಸ್ಟ್ರೇಟರ ಕಾಗದ ಒಂದು ಇರಲಿ. ನೀ ಮಾತ್ರ ಮೀಸಿ ದಪ್ಪ ಇಡು. ಅವಗ ಸಂಶೆ ಬರಬಾರದು."